ಹೊನ್ನಯ್ಯನ ಇಂಜಿನ್ನಿನ ತಲೆಸ್ನಾನ

ಒಂದು ಹನಿ! ಒಂದೇ ಒಂದು ಹನಿ ನೀರು ತನ್ನ ಡೀಸೆಲ್ ಇಂಜಿನ್ನಿನ ಹೊಗೆಕೊಳವೆಯೊಳಗೆ ಇಳಿದರೆ ತನ್ನ ಹೆಸರು ಹೊನ್ನಯ್ಯನೇ ಅಲ್ಲ ಎಂದು ಅವನು ಊರಿಗೆಲ್ಲ ಸಾರಿಬಿಟ್ಟಿದ್ದ.

ಸಾರದೆ ಏನು ಮಾಡುತ್ತಾನೆ? ಶ್ರಾವಣದಲ್ಲಿ ಶಿಂಷೆ ಉಕ್ಕಿದಾಗ ಪಕ್ಕದ ಹೊಲದ ಚಿಕ್ಕಮಾದಯ್ಯನ ಇಂಜಿನ್ನು, ಹೊಳೆಯ ಕಡೆ ಬಾಯಿಬಿಟ್ಟುಕೊಂಡಿದ್ದ ಹೊಗೆಕೊಳವೆಯಿಂದಲೇ ಹೊಟ್ಟೆ ತುಂಬ ನೀರು ಕುಡಿದು ಮಲಗಿತ್ತು. ಬಿದ್ದು ಬಿದ್ದು ನಕ್ಕವರಲ್ಲಿ ಹೊನ್ನಯ್ಯನೇ ಮೊದಲಿಗ. ಆಮೇಲೆ ನೀರೆತ್ತುವ ಕಪಿಲೆಯ ಎತ್ತುಗಳನ್ನು ಮಾರಿ ತಾನೂ ಒಂದು ಇಂಜಿನ್ನು ತಂದು, ದಂಡೆಯ ಮೇಲೆ ಗುಡಿಸಲು ಕಟ್ಟಿ, ಅದರೊಳಗೆ ಕೂರಿಸಿ ಬೀಗ ಹಾಕಿದ. ಇಂಜಿನ್ನಿನ ಕೊಳವೆಯನ್ನು ಮಾತ್ರ ಗುಡಿಸಲಿನ ಸೂರು ದಾಟಿಸಿ ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿದ.

ಹೆಂಡತಿ ಮಾಯಮ್ಮ ತಲೆಯೆತ್ತಿ ನೋಡಿದಳು. "ಮಳೆ ಬಂದ್ರೆ ಸೀದಾ ಒಳೀಕೇ ಇಳೀತದಲ್ಲಾ! ಅದ್ರ ಬಾಯ ಒಸಿ ಕೆಳೀಕೆ ಬಗ್ಸುಬುಡಿ."

"ನನ್ ಇಂಜಿನ್ನು ಯಾರ್ ಮುಂದೂ ತಲೆ ಬಗ್ಸಾಕಿಲ್ಲ ಕಣಮ್ಮಿ!"

ಮಳೆಗೆ ಅವನ ಉಪಾಯವೇ ಬೇರೆ. ಮಾಯಮ್ಮನ ತವರಿನ ತಾಮ್ರದ ತಂಬಿಗೆ ಮಾರನೆಯ ದಿನ ಕೊಳವೆಯ ಬಾಯಿಗೆ ಕವುಚಿಕೊಂಡು ಕೂತಿತು. ಇಂಜಿನ್ನು ನಡೆಸುವಾಗ ಏಣಿ ಹತ್ತಿ ತೆಗೆಯುವುದು, ನಿಂತ ಮೇಲೆ ಏಣಿ ಹತ್ತಿ ಮುಚ್ಚುವುದು.

"ನಮ್ಮವ್ವ ಕೊಟ್ಟ ತಂಬ್ಗೆಗೆ ಮಸಿ ಬಳುದ್ರಲ್ಲಾ!" ಎಂದು ಅವಳು ಗೊಣಗಿದ್ದು ಏಣಿಯ ತುದಿಯವರೆಗೆ ಕೇಳಿಸಲಿಲ್ಲ.

ಆಯುಧಪೂಜೆ ಬಂತು. ಹದಿನೈದು ದಿನದಿಂದ ಮಳೆಯಿಲ್ಲ. ಯುದ್ಧದ ಕಾಲವಾದ್ದರಿಂದ ಡೀಸೆಲ್ ಎಣ್ಣೆ ಸಿಕ್ಕಿದ್ದೇ ಹಿಂದಿನ ಸಂಜೆ. ಒಂದೆಕರೆ ಕಬ್ಬು ಗರಿ ಸುರುಟಿಕೊಂಡು ನಿಂತಿತ್ತು. ಎತ್ತುಗಳೂ ಇಲ್ಲ, ಪೂಜೆ ಮುಗಿದದ್ದೇ ಇಂಜಿನ್ನು ನೀರು ಎತ್ತಲೇಬೇಕು.

ಗುದ್ದಲಿ, ಕುಡುಗೋಲುಗಳಿಗಾದರೆ ನಾಲ್ಕು ಹನಿ ಚಿಮುಕಿಸಿದರೆ ಸಾಕು. ಇಂಜಿನ್ನಿಗೆ? ಸಾಕ್ಷಾತ್ ಅಭಿಷೇಕವೇ ಆಗಬೇಕು! ಅಭಿಷೇಕವೆಂದರೆ ತಲೆಯಿಂದ ಶುರು. ಇಂಜಿನ್ನಿಗೆ ತಲೆ ಯಾವುದು? ಎಲ್ಲಕ್ಕಿಂತ ಎತ್ತರದಲ್ಲಿರುವುದೇ ತಲೆ! ಹೊನ್ನಯ್ಯ ಕೊಳವೆಯ ಮೇಲಿನ ತಂಬಿಗೆ ಇಳಿಸಿದ, ಹುಣಸೆಹಣ್ಣು ಹಾಕಿ ಬೆಳಗಿದ, ಅರಿಶಿನದ ನೀರು ತುಂಬಿ ಚೆಂಡುಹೂವಿನ ಎಸಳು ಉದುರಿಸಿದ, ಮತ್ತೆ ಏಣಿ ಹತ್ತಿದ. ಒಂದು ತಂಬಿಗೆ, ಎರಡು ತಂಬಿಗೆ, ಮೂರು! ಸುರಿದ ನೀರು ಕೆಳಗೆ ಹರಿದು ಬರಲಿಲ್ಲವೆಂಬುದು ಅವನ ಗಮನಕ್ಕೇ ಬರಲಿಲ್ಲ. ಭಕ್ತಿಯಿಂದ ಕಣ್ಣು ಮುಚ್ಚಿಕೊಂಡಿದ್ದ.

ಮಾಯಮ್ಮ ಹಣ್ಣುಕಾಯಿ ತಂದಳು. ಕಾಯಿ ಒಡೆದದ್ದೂ ಆಯಿತು. ಹೊನ್ನಯ್ಯ ಹ್ಯಾಂಡಲ್ಲು ಹಿಡಿದು ತಿರುಗಿಸಿದ. ಅದು ಅಲ್ಲಾಡಲಿಲ್ಲ. ಕಾಲು ಊರಿ, ಹಲ್ಲು ಕಚ್ಚಿ ತಿರುಗಿಸಿದ. ಅವನೇ ತಿರುಗಿ ಬಿದ್ದ!

"ಆ ಚಿಕ್ಕಮಾದಯ್ಯನೇ! ಒಟ್ಟೆಕಿಚ್ಚಿಗೆ ಏನೋ ಮಾಡವ್ನೆ!"

ಚಿಕ್ಕಮಾದಯ್ಯ ಬೇಲಿಯಾಚೆಯಿಂದಲೇ ಗುಡುಗಿದ: "ಲೇ, ಬೀಗ ನಿಂದು, ಏಣಿ ನಿಂದು! ನಾನೇನ್ಲಾ ಮಾಡ್ಲಿ?"

ಮಾರನೆಯ ದಿನ ಮದ್ದೂರಿನಿಂದ ಮೆಕ್ಯಾನಿಕ್ಕು ಮರಿಯಯ್ಯ ಬಂದ. ಊರೂ ಬಂತು. ಅವನು ನಟ್ಟು ಬಿಚ್ಚಿದ್ದೇ ತಡ, ಬುಳುಬುಳು ಅಂತ ಹಳದಿ ನೀರು ಸುರಿಯಿತು. ಕೊನೆಗೊಂದು ಚೆಂಡುಹೂವಿನ ಎಸಳು!

"ಒಳೇಲಿ ಮುಳುಗಿದ್ ಇಂಜಿನ್ ನೋಡಿವ್ನಿ, ಮಳೇಲಿ ನೆಂದಿದ್ದೂ ನೋಡಿವ್ನಿ," ಎಂದ ಮರಿಯಯ್ಯ. "ಅರಿಸಿನದ ನೀರು ಕುಡ್ದಿರೋದು ಇದೇ ಮೊದ್ಲು ಕಣಪ್ಪ!"

ಚಿಕ್ಕಮಾದಯ್ಯ ನಗಲಿಲ್ಲ. ಅದೇ ಹೊನ್ನಯ್ಯನಿಗೆ ಹೆಚ್ಚು ಚುಚ್ಚಿತು.

ರಿಪೇರಿಗೆ ಎಂಟು ದಿನ ಬೇಕಂತೆ. ಮರಿಯಯ್ಯ ಯಾರನ್ನೂ ಕೇಳದೆ ಕೊಳವೆಯ ಬಾಯನ್ನು ಕೆಳಕ್ಕೆ ಬಗ್ಗಿಸಿ ಹೊರಟುಹೋದ. ಹೊನ್ನಯ್ಯ ಒಣಗುತ್ತಿದ್ದ ಕಬ್ಬಿನ ಬದುವಿನ ಮೇಲೆ ಕುಕ್ಕರಿಸಿದ. ಅಷ್ಟರಲ್ಲಿ ಮಾಯಮ್ಮ ಬಂದು, ಫಳಫಳ ಹೊಳೆಯುತ್ತಿದ್ದ ತಂಬಿಗೆಯನ್ನು ಅವನ ಕೈಗಿಟ್ಟು ಹೊಳೆಯ ಕಡೆ ತೋರಿಸಿದಳು.

"ಇಂಜಿನ್ನೂ ತಲೆ ಬಗ್ಸಾಯ್ತು. ಈಗ ನೀವೂ ಬಗ್ಗಿ ಮೊಗೀರಿ. ಕಬ್ಬು ಒಂದೆಕ್ರೆ ಅದೆ. ಜಲ್ಲೆಗೆ ಮೂರ್ ಮೂರ್ ತಂಬ್ಗೆ, ತಲೆಯಿಂದ್ಲೇ ಸುರು ಮಾಡಿ!"