ಬೊಟ್ಟಿನ ಬೆನ್ನು ಹತ್ತಿದ ಹಿಮಾಲಯ

ವಿಡಿಯೊ ಎಡಿಟಿಂಗ್‌ನಲ್ಲಿ ನನ್ನನ್ನು ಮೀರಿಸುವವರು ಹೆಬ್ಬಾಳದಿಂದ ಯಲಹಂಕದವರೆಗೆ ಯಾರೂ ಇಲ್ಲ! ಹೀಗೆಂದು ನಾನು ಘೋಷಿಸಿದ್ದು ನನ್ನ ಗೆಳೆಯ ಮಹೇಂದ್ರ ತೀರಿಕೊಂಡ ವಾರದಲ್ಲಿ. ನಾನು ಘೋಷಿಸದೆ ಇರಬಹುದಿತ್ತು, ನಿಜ. ಅವನೂ ಸಾಯದೆ ಇರಬಹುದಿತ್ತು. ಮೊದಲು ತಪ್ಪು ಮಾಡಿದವನು ಅವನು!

ಅವನ ತಾಯಿ ಮುನಿಗಂಗಮ್ಮ ಹಾರ ಹಾಕಿದ ಫೋಟೋದ ಮುಂದೆ ಕೂತು ನನ್ನನ್ನು ಕರೆದರು.

"ನಂದ, ನೋಡಪ್ಪ, ಇದ್ರಾಗೆ ಎಂಗೆ ಬಾಯ್ ಮುಚ್ಕೊಂಡು ಕುಂತವ್ನೆ. ಒಂದ್ ದಿನಾನಾದ್ರೂ ಇಂಗೆ ಕುಂತಿದ್ನಾ? ಮಾತಾಡೋದು ಏನಾರ ಐತಾ ನಿನ್ ಫೋನಾಗೆ? ಒಂದ್ಸಲ ಕೇಳ್ಬೇಕು ಕಣಪ್ಪ."

ಇತ್ತು. ಒಂದೇ ಒಂದು. ತಿಥಿಯ ದಿನ ಊಟವಾದ ಮೇಲೆ ಟಿವಿಯಲ್ಲೇ ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟೆ.

ವಿದ್ಯಾರಣ್ಯಪುರದ ನಮ್ಮ ಮನೆಗೆ ಬಂದು ಆ ವಿಡಿಯೊ ತೆರೆದವನೇ ಕೆಂಡವಾದೆ. ಕೊಡಿಗೇಹಳ್ಳಿಯ ಅವರ ಮನೆ ಹಿಂದಿನ ಗಲ್ಲಿಯಲ್ಲಿ ನಾನೇ ತೆಗೆದದ್ದು. ಮಹೇಂದ್ರ ಹಣೆಗೆ ಕುಂಕುಮವಿಟ್ಟುಕೊಂಡು, ಎದೆಯುಬ್ಬಿಸಿ, ಲೋಕದ ಸಮಸ್ತ ವಿಷಯಗಳ ಬಗ್ಗೆ ಪ್ರವಚನ ಕೊಡುತ್ತಿದ್ದಾನೆ. ಅವನ ಹಿಂದೆ ಒಂದು ಗೋಡೆ. ಗೋಡೆಯ ಮೇಲೆ ಯಾರೋ ಪುಣ್ಯಾತ್ಮ ಎರಡು ಸಾಲು ಬರೆದಿದ್ದಾನೆ: "ಕತ್ತೆ! ಇಲ್ಲಿ ಮೂತ್ರ ಮಾಡಬೇಡ." ಎರಡನೆಯ ಸಾಲನ್ನು ಮಹೇಂದ್ರನ ಭುಜಗಳು ಪೂರ್ತಿ ಮುಚ್ಚಿವೆ. ಮೊದಲನೆಯದು ಅವನ ತಲೆಯ ಮೇಲೆ ಕಿರೀಟದಂತೆ ರಾರಾಜಿಸುತ್ತಿದೆ!

ಅಲ್ಲ, ಈ ಊರಿನಲ್ಲಿ ಗೋಡೆಗಳಿಗೆ ಬರವೇ? ಮಾತಾಡುವ ವಿಡಿಯೊ ಇದೊಂದೇ ಉಳಿಯುತ್ತದೆ ಎಂದು ಗೊತ್ತಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಬಾರದಿತ್ತೇ ಈ ಮನುಷ್ಯ?

"ಗೋಡೆ ಇದ್ರೆ ಇರ್ಲಿ ಬಿಡ್ರೀ. ಮಹೇಂದ್ರಣ್ಣ ಕಾಣ್ತಾರಲ್ಲ, ಅಷ್ಟು ಸಾಕು" ಎಂದಳು ನನ್ನ ಹೆಂಡತಿ ನಾಗಲಕ್ಷ್ಮಿ.

"ಬ್ಯಾಕ್‌ಗ್ರೌಂಡ್ ಸರಿಯಿಲ್ಲ ಕಣೇ!"

"ನಿಮ್ಮನ್ನ ನೋಡಿದಾಗ ನಮ್ಮಪ್ಪನೂ ಅದನ್ನೇ ಅಂದಿದ್ರು. ಆದ್ರೂ ಮದುವೆ ಮಾಡ್ಕೊಡ್ಲಿಲ್ವಾ?"

ಇಂಥ ಮಾತುಗಳಿಂದ ಕಲಾವಿದರು ವಿಚಲಿತರಾಗುವುದಿಲ್ಲ. ಗೋಡೆಯನ್ನು ಕಿತ್ತೊಗೆದು ಅಲ್ಲಿ ಹಿಮಾಲಯವನ್ನೇ ಪ್ರತಿಷ್ಠಾಪಿಸುವುದೆಂದು ತೀರ್ಮಾನಿಸಿದೆ! ಅದಕ್ಕಿಂತ ಗಿಡ್ಡದು ಯಾವುದೂ ನನ್ನ ಗೆಳೆಯನಿಗೆ ಒಪ್ಪುವುದಿಲ್ಲ.

ಫೋನಿನಲ್ಲಿ ಪಾಠ ಹೇಳುವ ಒಬ್ಬ ಹುಡುಗನನ್ನು ಗುರುವಾಗಿ ಸ್ವೀಕರಿಸಿದೆ. "ತುಂಬಾ ಸುಲಭ ಸ್ನೇಹಿತರೇ!" ಎಂದೇ ಅವನು ಎಲ್ಲ ಪಾಠ ಶುರುಮಾಡುತ್ತಾನೆ. ಅವನ ನಾಲಗೆ ಬಿದ್ದುಹೋಗಲಿ. ಮೊದಲು ಮನುಷ್ಯನನ್ನು ಗೋಡೆಯಿಂದ ಕತ್ತರಿಸಿ ಬೇರೆ ಮಾಡಬೇಕು. ಕತ್ತರಿಸಿದೆ. ಒಂದು ಕಿವಿ ಗೋಡೆಯಲ್ಲೇ ಉಳಿಯಿತು. ಮತ್ತೆ ಕತ್ತರಿಸಿದೆ. ಈ ಸಲ ಕಿವಿಯೊಂದಿಗೆ ಅರ್ಧ ಇಟ್ಟಿಗೆ ಬಂತು. ಇಷ್ಟನ್ನೂ ನಾನು ವಿಡಿಯೊದ ದನಿ ಬಂದ್ ಮಾಡಿಕೊಂಡೇ ಮಾಡಿದೆ. ಅವನ ದನಿ ಕೇಳುತ್ತ ಅವನ ಕಿವಿ ಕತ್ತರಿಸುವುದು ನನ್ನಿಂದಾಗುತ್ತಿರಲಿಲ್ಲ.

ಆಮೇಲೆ ಗೋಡೆಯನ್ನು ಮುಚ್ಚುವಂತೆ ಬೆಟ್ಟ. ವಿಡಿಯೊ ತೆಗೆಯುವಾಗ ನನ್ನ ಕೈ ಅಲುಗಾಡಿದೆ. ಆದ್ದರಿಂದ ಹಿಂದಿನ ಗೋಡೆ ಹೇಗೆ ಅಲುಗಾಡಿದೆಯೋ ಹಾಗೆಯೇ ಬೆಟ್ಟವೂ ಅಲುಗಾಡಬೇಕು. ಇಲ್ಲದಿದ್ದರೆ ಕ್ಯಾಲೆಂಡರಿನ ಮುಂದೆ ನಿಂತಂತೆ ಕಾಣುತ್ತದೆ. ಅದಕ್ಕೊಂದು ಉಪಾಯವಿದೆ. ವಿಡಿಯೊದಲ್ಲಿ ಒಂದು ಗುರುತನ್ನು ಮುಟ್ಟಿ ತೋರಿಸಿದರೆ ಆ್ಯಪ್ ಅದರ ಜಾಡು ಹಿಡಿಯುತ್ತದೆ. ಗುರುತು ಹೋದ ಕಡೆ ಬೆಟ್ಟ ಹೋಗುತ್ತದೆ.

"ಬಣ್ಣ ಎದ್ದು ಕಾಣೋ ಒಂದು ಗುರುತು ಆರಿಸ್ಕೊಳ್ಳಿ ಸ್ನೇಹಿತರೇ" ಎಂದ ಗುರು.

ಆರಿಸಿಕೊಂಡೆ. ಇಡೀ ವಿಡಿಯೊದಲ್ಲಿ ಮಹೇಂದ್ರನ ಹಣೆಯ ಕುಂಕುಮದ ಬೊಟ್ಟಿನಷ್ಟು ಎದ್ದು ಕಾಣುವುದು ಇನ್ಯಾವುದಿದೆ? ಗುರುತು ಗೋಡೆಯ ಮೇಲಿರಬೇಕು, ಮನುಷ್ಯನ ಮೇಲಲ್ಲ ಎಂದು ಆ ಅಯೋಗ್ಯ ಒಂದು ಮಾತು ಹೇಳಿದನೇ? ಹೇಳಲಿಲ್ಲ!

ಕೆಳಗೆ ಬಂಗಾರದ ಬಣ್ಣದಲ್ಲಿ "ಸಂಕಲನ: ನಂದಕುಮಾರ್" ಎಂದು ಕೆತ್ತಿ ಮುಗಿಸಿದೆ.

"ಪೂರ್ತಿ ನೋಡಿದ್ರಾ?" ಎಂದು ನಾಗಲಕ್ಷ್ಮಿ ಕೇಳಿದಳು.

"ಓಹೋ!" ಎಂದೆ. ಸುಳ್ಳು. ಶುರುವಿನಲ್ಲಿ ಅವನು ಸುಮ್ಮನೆ ನಿಂತಿರುವಷ್ಟು ನೋಡಿ ನಿಲ್ಲಿಸಿದ್ದೆ. ಕೊನೆಯಲ್ಲಿ ಅವನು ಪಕ್ಕಕ್ಕೆ ನಡೆದು ಹೊರಟೇ ಹೋಗುತ್ತಾನೆ. ಅದನ್ನು ಇನ್ನೊಮ್ಮೆ ನೋಡುವುದು ಬೇಡವಾಗಿತ್ತು.

ತಿಥಿಯ ದಿನ ಮುದ್ದೆ ಊಟ ಮುಗಿಸಿ ನೆಂಟರಿಷ್ಟರೆಲ್ಲ ಹಾಲ್‌ನಲ್ಲಿ ಕೂತರು. ಮುನಿಗಂಗಮ್ಮನಿಗೆ ಟಿವಿಯ ಎದುರಿಗೇ ಕುರ್ಚಿ. ಮಹೇಂದ್ರ ಕಾಣಿಸಿಕೊಂಡ, ಹಿಂದೆ ಧವಳಗಿರಿ. "ಅಬ್ಬಾ!" ಎಂದರು ಯಾರೋ. ನಾನು ಕಾಲರ್ ಸರಿಮಾಡಿಕೊಂಡೆ.

"ಬೆಂಗ್ಳೂರು ಅಂದ್ರೆ ನಮ್ ಕೊಡಿಗೇಹಳ್ಳಿ ಗುರು. ಮಿಕ್ಕಿದ್ದೆಲ್ಲ ಎಕ್ಸ್‌ಟೆನ್ಶನ್ನು" ಎಂದ ಮಹೇಂದ್ರ.

"ಇಲ್ಲ ಕಣೋ!" ಇದು ಫೋನಿನ ಹಿಂದಿನಿಂದ ನನ್ನದೇ ದನಿ.

"ಹೂಂ" ಎಂದು ಅವನೇ ತನ್ನ ಮಾತಿಗೆ ತಲೆದೂಗಿದ. ಅದು ಅವನ ಅಭ್ಯಾಸ. ಬೊಟ್ಟು ಕೆಳಗೆ ಹೋಯಿತು. ಬೊಟ್ಟಿನ ಹಿಂದೆ ಹಿಮಾಲಯವೂ ಕೆಳಗೆ ಹೋಗಿ ಮೇಲೆ ಬಂತು!

"ಮುದ್ದೆ ತಿನ್ನೋನಿಗೆ ಜಿಮ್ಮು ಬೇಕಾಗಿಲ್ಲ."

"ಅಲ್ಲ ಕಣೋ, ಹಂಗಲ್ಲ."

"ಹೂಂ." ಹಿಮಾಲಯವೂ ಹೂಂ ಎಂದಿತು!

"ಟ್ರಾಫಿಕ್ ನಿಂತ್ರೆ ಅದು ಫ್ಲೈಓವರ್ ಹೆಂಗಾಗ್ತದೆ? ಬರೀ ಓವರ್ರು. ಹೂಂ!"

ಕೋಟ್ಯಂತರ ವರ್ಷಗಳಿಂದ ಯಾರಿಗೂ ಬಾಗದ ಪರ್ವತರಾಜ ಫ್ಲೈಓವರ್ ವಿಷಯದಲ್ಲಿ ಎರಡೆರಡು ಸಲ ತಲೆದೂಗಿದ. ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ರಿಮೋಟ್ ಹುಡುಕಿದೆ, ಸಿಗಲಿಲ್ಲ. ಅಷ್ಟರಲ್ಲಿ ಮಹೇಂದ್ರ, "ಸಾಕು ಬಾ ಗುರು, ಟೀ ಕುಡಿಯಣ" ಎಂದು ಪಕ್ಕಕ್ಕೆ ನಡೆದ. ಇಡೀ ಹಿಮಾಲಯ ಸಾಕಿದ ನಾಯಿಯಂತೆ ಅವನ ಹಿಂದೆಯೇ ಹೊರಟುಹೋಯಿತು! ಉಳಿದದ್ದು ಬೆಟ್ಟದ ಹಿಂದೆ ಅಡಗಿದ್ದ ಅದೇ ಹಳೆಯ ಗೋಡೆ. ಕೆಳಗೆ ನನ್ನ ಬಂಗಾರದ ಅಕ್ಷರ. ಟಿವಿಯಲ್ಲಿ ಈಗ ಓದಲು ಇದ್ದದ್ದು ಇಷ್ಟು: "ಕತ್ತೆ! ಇಲ್ಲಿ ಮೂತ್ರ ಮಾಡಬೇಡ. ಸಂಕಲನ: ನಂದಕುಮಾರ್."

ತಿಥಿ ಮನೆ ಘೊಳ್ಳೆಂದಿತು. ನಾಗಲಕ್ಷ್ಮಿ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ನನಗೆ ಸಿಟ್ಟು ಬಂದದ್ದು ಮಹೇಂದ್ರನ ಮೇಲೆ. ಇಷ್ಟು ದೊಡ್ಡ ನಗೆ ಎದ್ದಾಗ ನನ್ನ ಬೆನ್ನಿಗೆ ಗುದ್ದಿ ನಗಬೇಕಾದವನು ಅವನು. ಅವನೇ ಇಲ್ಲ!

ಮುನಿಗಂಗಮ್ಮ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ನಂದ, ಇಲ್ಲಿ ಬಾ."

ಹೋದೆ. ತಲೆ ತಗ್ಗಿಸಿ, "ಅಮ್ಮ, ಅದು ಏನಾಯ್ತಂದ್ರೆ, ಆ ಬೊಟ್ಟಿನ ಜಾಡು..." ಎಂದು ಶುರುಮಾಡಿದೆ.

"ಬೊಟ್ಟು ಗಿಟ್ಟು ಆಮ್ಯಾಕಿರ್ಲಿ. ಅದ್ಯಾವ ಬೆಟ್ಟ ಅದು?"

"ಹಿಮಾಲಯ ಅಮ್ಮ."

"ಶಿವಪ್ಪ ಇರೋದಾ?"

"ಅದೇ ಅಮ್ಮ."

"ನೋಡು ಮತ್ತೆ! ಅಂಥಾ ಬೆಟ್ಟಾನೇ ನನ್ ಮಗ ಯೋಳಿದ್ಕೆಲ್ಲ ಹೂಂ ಹೂಂ ಅಂತು. ನೀನು ಚಡ್ಡಿ ಆಕ್ಕೊಂತಿದ್ದ ಕಾಲ್ದಿಂದ ಅವ್ನ ಜತೇಲಿದ್ದೆ. ಒಂದ್ ಮಾತ್ಗಾದ್ರೂ ಹೂಂ ಅಂದ್ಯೇನಪ್ಪ? ಇಲ್ಲ ಕಣೋ, ಅಲ್ಲ ಕಣೋ, ಬರೀ ಇದೇ ಆಯ್ತು ನಿಂದು. ಪಾಪ, ನನ್ ಮಗ ತಾನೇ ಯೋಳಿ ತಾನೇ ಹೂಂ ಅಂದ್ಕೊಳಂಗಾಯ್ತು."

ಇದು ಘೋರ ಅನ್ಯಾಯ! ತಲೆಯೆತ್ತಿ ಪ್ರತಿಭಟಿಸಿದೆ.

"ಇಲ್ಲಮ್ಮ, ಹಂಗಲ್ಲ..."

"ನೋಡ್ದಾ!" ಎಂದರು ಮುನಿಗಂಗಮ್ಮ.