ದೊಡ್ಡಮ್ಮನ ಪಾಲಿನ ವ್ರತ

ದೊಡ್ಡಮ್ಮನ ಕಾಫಿಯನ್ನು ಬೇಡ ಅಂದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಕರೆಂಟಿನ ಮೀಟರ್ ನೋಡಲು ಬಂದವನು ಕುಡಿದಿದ್ದ, ಓಟು ಕೇಳಲು ಬಂದವರು ಪಕ್ಷಭೇದವಿಲ್ಲದೆ ಕುಡಿದಿದ್ದರು, ವಿಳಾಸ ತಪ್ಪಿ ಬಂದ ಸೋಫಾ ರಿಪೇರಿಯವನೂ ಕುಡಿದೇ ಹೋಗಿದ್ದ. ಬೇಡ ಅಂದವನು ಒಬ್ಬನೇ. ಅವನು ಬೇರೆ ಯಾರೂ ಅಲ್ಲ, ಆಕೆಯದೇ ತಾರಸಿ ರೂಮಿನಲ್ಲಿ ಬಾಡಿಗೆಗಿದ್ದ ಅನಿಲ್‌ಕುಮಾರ.

ಅನಿಲ ಕೋಲಾರದ ಕಡೆಯ ಹುಡುಗ. ಜನ ಮಾರ್ಮನ್ ಎಂದು ಕರೆಯುವ ಕ್ರೈಸ್ತ ಸಭೆಯವನು. ಆ ಸಭೆಯ ಹುಡುಗರು ಓದು, ಮನೆ ಎಲ್ಲ ಬಿಟ್ಟು ಎರಡು ವರ್ಷ ದೇವರ ಸೇವೆಗೆಂದು ಗೊತ್ತಿಲ್ಲದ ಊರಿಗೆ ಹೋಗುತ್ತಾರೆ. ಬಿಳಿ ಶರಟು, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಜೊತೆಗೊಬ್ಬ ಜೋಡಿ ಇರಲೇಬೇಕು, ಒಬ್ಬನ ಕಣ್ಣಿಂದ ಇನ್ನೊಬ್ಬ ಮರೆಯಾಗಬಾರದು. ಕಾಫಿ, ಟೀ ಮುಟ್ಟುವಂತಿಲ್ಲ. ಸುಳ್ಳು ಹೇಳುವಂತಿಲ್ಲ. ಕರೆಯದೆ ಯಾರ ಮನೆ ಬಾಗಿಲನ್ನೂ ತಟ್ಟುವಂತಿಲ್ಲ.

ಈ ಕೊನೆಯ ನಿಯಮದಿಂದಲೇ ಅನಿಲನ ಜೀವ ಹಣ್ಣಾಗಿತ್ತು. ಹಾಸನಕ್ಕೆ ಬಂದು ಐದು ತಿಂಗಳಾದರೂ ಕರೆದವರಿಲ್ಲ. ಹೊಳೆನರಸೀಪುರದ ಬಸ್ಸಿನಲ್ಲಿ ಯಾರೋ ಅವನನ್ನು ಮೆಡಿಕಲ್ ರೆಪ್ ಅಂದುಕೊಂಡು ಮಂಡಿನೋವಿಗೆ ಮಾತ್ರೆ ಕೇಳಿದ್ದರು. ಅರಕಲಗೂಡಿನ ಹೋಟೆಲಿನಲ್ಲಿ ಸಪ್ಲೈಯರ್ ಅಂದುಕೊಂಡು ಎರಡು ಮಸಾಲೆ ದೋಸೆ ಹೇಳಿದ್ದರು. ದೇವರ ವಿಷಯ ಮಾತ್ರ ಯಾರೂ ಕೇಳಿರಲಿಲ್ಲ.

ಶನಿವಾರ ಸಂಜೆ ಅವನು ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಮಂಡಿಯೂರಿ ಗಟ್ಟಿಯಾಗಿಯೇ ಬೇಡಿಕೊಂಡ.

"ಸ್ವಾಮಿ, ನಾಳೆ ಸಭೆಯಲ್ಲಿ ನನ್ನ ಮೊದಲ ಮಾತು. ವಾರವಾರ ಬರೋ ಆ ಏಳೆಂಟು ಜನ ಬಿಟ್ಟು ಹೊಸಬರು ಒಬ್ಬರಾದರೂ ಬಂದು ಕೂತು ಕೇಳಲಿ. ಇಲ್ಲದಿದ್ರೆ ನನ್ನಿಂದ ಆಗಲ್ಲ, ಊರಿಗೆ ಹೊರಟುಹೋಗ್ತೀನಿ. ಅಮ್ಮನ್ನ ನೋಡಬೇಕು ಅನ್ನಿಸ್ತಿದೆ."

ಜೋಡಿಯವನಾದ ದೇವರಾಜ್ ನಾಲ್ಕು ಹೆಜ್ಜೆ ಆಚೆ ನಿಂತು, ದೊಡ್ಡಮ್ಮ ಒಣಗಲು ಹರವಿದ್ದ ಮೆಣಸಿನಕಾಯಿಗೆ ಸೀನುತ್ತಾ "ಆಮೆನ್" ಅಂದ. ದೇವರಾಜ್ ಕೊಯಮತ್ತೂರಿನವನು. ಅವನ ಕನ್ನಡ ಇನ್ನೂ ಊಟ, ತಿಂಡಿಯ ಆಚೆ ದಾಟಿರಲಿಲ್ಲ.

ಭಾನುವಾರ ಬೆಳಗಾಗುತ್ತಲೇ ದೊಡ್ಡಮ್ಮ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದಳು.

"ಇವತ್ತಾದ್ರೂ ಕುಡೀತೀಯೇನಪ್ಪ?"

"ಬೇಡ ದೊಡ್ಡಮ್ಮ."

"ಅಲ್ಲ, ಏನಿದು, ವ್ರತಾನಾ?"

ಅನಿಲ ಯೋಚಿಸಿದ. ಸುಳ್ಳು ಹೇಳುವಂತಿಲ್ಲ, ನಿಜವನ್ನು ಬಿಡಿಸಿ ಹೇಳಲು ಹೊತ್ತಿಲ್ಲ. "ಒಂಥರಾ ವ್ರತಾನೇ ದೊಡ್ಡಮ್ಮ."

ದೊಡ್ಡಮ್ಮನ ಮುಖ ಗಂಭೀರವಾಯಿತು. "ಅದುಕ್ಕೇ ಮುಖ ಇಂಗ್ ಬಾಡೋಗೈತೆ. ಒಬ್ಬನೇ ವ್ರತ ಹೊತ್ಕೊಂಡ್ರೆ ಭಾರ ಆಯ್ತದೆ ಕಣಪ್ಪ. ನಂದೂ ಒಂದು ಪಾಲು ಇರ್ಲಿ. ನಿನ್ನ ಮನಸಲ್ಲಿರೋದು ಆಗೋಗಂಟ ನಾನೂ ಕಾಪಿ ಮುಟ್ಟಕಿಲ್ಲ. ಮನೆದೇವ್ರ ಮೇಲಾಣೆ!" ಎಂದು ಲೋಟದಲ್ಲಿದ್ದುದನ್ನು ಕರಿಬೇವಿನ ಕುಂಡಕ್ಕೆ ಸುರಿದೇಬಿಟ್ಟಳು.

ಅನಿಲ "ಅಯ್ಯೋ, ದೊಡ್ಡಮ್ಮ" ಅನ್ನುವಷ್ಟರಲ್ಲಿ ಆಕೆ ಇಳಿದು ಹೋಗಿಯಾಗಿತ್ತು.

ಬುದ್ಧಿ ಬಂದಾಗಿನಿಂದ ಕಾಫಿ ಬಿಟ್ಟಿರದ ಮುದುಕಿ ಕಾಫಿ ಬಿಟ್ಟರೆ ಏನಾಗುತ್ತದೆ ಎಂಬುದು ತಿಂಡಿಯ ಹೊತ್ತಿಗೆ ಇಡೀ ಬೀದಿಗೆ ಗೊತ್ತಾಯಿತು. ದೊಡ್ಡಮ್ಮ ತಲೆಗೆ ಬಟ್ಟೆ ಬಿಗಿದುಕೊಂಡು, ಹುಡುಗನ ವ್ರತದಲ್ಲಿ ತನ್ನದೂ ಪಾಲಿದೆಯೆಂದು ಎಲ್ಲರಿಗೂ ಸಾರಿ, ಜಗಲಿಯ ಮೇಲೆ ಕೂತಳು. ಮೊದಲು ಮಗ ಕಾಂತರಾಜುವಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿದ್ದನ್ನು ನೆನಪಿಸಿದಳು. ಅವನಿಗೀಗ ಸ್ವಂತ ಹಾರ್ಡ್‌ವೇರ್ ಅಂಗಡಿ, ಕಾಲೇಜಿಗೆ ಹೋಗುವ ಮಗಳು. ಆಮೇಲೆ ಸೊಸೆ ಲತಾಳ ಮಿಕ್ಸಿ ಸದ್ದು ತಲೆಗೆ ಮೊಳೆ ಹೊಡೆದ ಹಾಗಾಗುತ್ತದೆಂದು ಚಟ್ನಿಯನ್ನು ಒರಳಲ್ಲಿ ರುಬ್ಬಿಸಿದಳು. ಎದುರು ಮನೆಯ ಚನ್ನಪ್ಪ, ಲೈನ್‌ಮನ್ ಕೆಲಸದಿಂದ ನಿವೃತ್ತನಾಗಿ ಎಲ್ಲರ ಮನೆಯ ವ್ಯವಹಾರ ನೋಡಿಕೊಳ್ಳುವವನು, "ಏನಾಯ್ತು ಅತ್ಗೆ?" ಎಂದು ಬಂದ. "ನನ್ನ ಏಣಿ ತಕ್ಕಂಡೋಗಿ ಎಷ್ಟು ವರ್ಸ ಆಯ್ತು?" ಎಂದು ಕೇಳಿಸಿಕೊಂಡು ವಾಪಸು ಹೋದ. ಪಕ್ಕದ ಮನೆಯ ಟೈಲರ್ ರೂಪಶ್ರೀಯ ಮಷೀನು ಅರ್ಧ ರವಿಕೆಗೇ ನಿಂತುಹೋಯಿತು.

ಹತ್ತು ಗಂಟೆಗೆ ನಿಯೋಗವೊಂದು ತಾರಸಿ ಹತ್ತಿತು.

"ತಮ್ಮಾ, ಕೈ ಮುಗೀತೀನಿ," ಅಂದ ಕಾಂತರಾಜು. "ನಿನ್ನ ಮನಸಲ್ಲಿ ಅದೇನೈತೆ ಯೋಳ್ಬುಡು. ಕೆಲ್ಸ ಬೇಕಾ? ನಾಳೆಯಿಂದ್ಲೇ ನನ್ನ ಅಂಗಡೀಗೆ ಬಾ."

"ಕೆಲ್ಸ ಅಲ್ಲ ಕಣ್ಲಾ, ಹೆಣ್ಣಿಂದೇ ಇರ್ಬೇಕು," ಅಂದ ಚನ್ನಪ್ಪ. "ಚನ್ನರಾಯಪಟ್ಟಣದಲ್ಲಿ ನಮ್ಮ ಷಡ್ಡಕನ ಮಗ್ಳವ್ಳೆ. ಒಪ್ಪೋದಿಲ್ಲ, ಆದ್ರೂ ಕೇಳಿ ನೋಡಾನ."

ಅನಿಲನ ಕಿವಿ ಕೆಂಪಾಯಿತು. ಸುಳ್ಳು ಹೇಳುವಂತಿಲ್ಲವಲ್ಲ. "ಏನಿಲ್ಲ ಅಣ್ಣ. ಇವತ್ತು ನಮ್ಮ ಸಭೇಲಿ ನಾನು ಮಾತಾಡ್ಬೇಕು. ಹೊಸಬರು ಯಾರಾದ್ರೂ ಬಂದು ಕೂತು ಕೇಳಿದ್ರೆ ಸಾಕು ಅಂತ..."

ಮೂವರೂ ಮುಖ ಮುಖ ನೋಡಿಕೊಂಡರು.

"ಕೂರೋದು ಅಷ್ಟೇನಾ?" ಅಂದಳು ರೂಪಶ್ರೀ.

"ಅಷ್ಟೇ ಅಕ್ಕ. ಮನಸ್ಸಿದ್ರೆ ಮಾತ್ರ. ಯಾರೂ ಏನೂ ಬದಲಾಯಿಸ್ಕೋಬೇಕಾಗಿಲ್ಲ. ಕೇಳಿ ಎದ್ದು ಬಂದ್ಬಿಡಬಹುದು."

"ಊಟ ಐತಾ?" ಚನ್ನಪ್ಪ ವಿಚಾರಿಸಿದ.

"ಇಲ್ಲ. ಪ್ರಾರ್ಥನೆ ಮಾಡಿ ಒಂದು ಚೂರು ಬ್ರೆಡ್ಡು, ಒಂದು ಗುಟುಕು ನೀರು ಕೊಡ್ತಾರೆ."

"ಜ್ವರ ಬಂದೋರ್ಗೆ ಕೊಟ್ಟಂಗೆ," ಎಂದು ಚನ್ನಪ್ಪ ನಿಟ್ಟುಸಿರಿಟ್ಟ. "ಆಗ್ಲಿ, ನಡೀರಿ. ಅತ್ಗೆ ತಲೆನೋವಿಗಿಂತ ಅದೇ ವಾಸಿ."

ಸಭೆ ಸೇರುತ್ತಿದ್ದುದು ಹಳೇ ಟ್ಯುಟೋರಿಯಲ್ ಒಂದರ ಮಹಡಿಯಲ್ಲಿ, ಬಾಡಿಗೆ ಹಾಲಿನಲ್ಲಿ. ಅಧ್ಯಕ್ಷರಾದ ಮಂಜುನಾಥರು ಬ್ಯಾಂಕಿನ ನೌಕರರು. ಎಂದಿನಂತೆ ಹತ್ತು ಕುರ್ಚಿ ಹಾಕಿಸಿ ಕೂತಿದ್ದವರು, ಮೆಟ್ಟಿಲ ಮೇಲೆ ಬೀದಿಗೆ ಬೀದಿಯೇ ಹತ್ತಿ ಬರುವುದನ್ನು ಕಂಡು ಎದ್ದು ನಿಂತರು. ಗಲಾಟೆ ಮಾಡಲು ಬಂದವರೇನೋ ಎಂದು ಪಾಪ ಅವರು ಫೋನು ಕೈಗೆತ್ತಿಕೊಂಡಿದ್ದರು. ಆಮೇಲೆ ಲತಾ "ಚಪ್ಲಿ ಎಲ್ಲಿ ಬಿಡ್ಬೇಕು ಸಾರ್?" ಎಂದು ಕೇಳಿದ ಮೇಲೆ ಉಸಿರು ಬಿಟ್ಟರು. ಕುರ್ಚಿ ಸಾಲದೆ ಗಂಡಸರು ಗೋಡೆಗೊರಗಿ ನಿಂತರು. ತಲೆಗೆ ಬಟ್ಟೆ ಕಟ್ಟಿದ ದೊಡ್ಡಮ್ಮ ಮುಂದಿನ ಸಾಲಿನಲ್ಲಿ, ಮದುವೆ ಮನೆಯ ಯಜಮಾನಿಯಂತೆ ಕೂತಳು.

ಅನಿಲ ಮಾತಾಡಲು ನಿಂತ. ಒಂದು ವಾರ ಬಾಯಿಪಾಠ ಮಾಡಿದ್ದು ಅಷ್ಟು ಮುಖಗಳನ್ನು ನೋಡಿದ ಕೂಡಲೇ ಒಂದಕ್ಷರವೂ ಉಳಿಯದೆ ಹಾರಿಹೋಯಿತು. ದೇವರಾಜ್ ಕಣ್ಣಲ್ಲೇ "ಮಾತಾಡು" ಅಂದ. ಅನಿಲ ಬಾಯಿಗೆ ಬಂದದ್ದನ್ನು ಹೇಳಿದ.

"ನಾನು ನಿಮಗೆಲ್ಲ ಏನೋ ಕಲಿಸ್ತೀನಿ ಅಂದ್ಕೊಂಡು ಈ ಊರಿಗೆ ಬಂದೆ. ಐದು ತಿಂಗಳು ಯಾರೂ ಕರೀಲಿಲ್ಲ ಅಂತ ಅತ್ತೆ. ವಾರಕ್ಕೊಂದ್ಸಲ ಅಮ್ಮ ಫೋನಲ್ಲಿ ಊಟ ಆಯ್ತಾ ಅಂತಾರೆ. ಆಯ್ತು ಅಂದ ಮೇಲೆ ಮುಂದಕ್ಕೆ ಮಾತು ಬರಲ್ಲ. ದಿನಾ ಬೆಳಿಗ್ಗೆ ದೊಡ್ಡಮ್ಮ ಮಂಡಿ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದು ಕರೀತಾನೇ ಇದ್ರು. ಅದು ಕರೆಯೋದು ಅಂತ ನನಗೇ ಗೊತ್ತಾಗ್ಲಿಲ್ಲ. ಬೇಡ ಬೇಡ ಅಂತಾನೇ ಇದ್ದೆ. ಅಂಥವರು ಇವತ್ತು ನನ್ನ ವ್ರತಾನ ತಮ್ಮ ತಲೆ ಮೇಲೆ ಹಾಕ್ಕೊಂಡಿದಾರೆ. ದೇವರು ಹೇಗಿರ್ತಾನೆ ಅಂತ ನೀವು ಕೇಳಿದ್ರೆ, ಇವತ್ತಿಗೆ ನನಗೆ ಗೊತ್ತಿರೋದು ಇಷ್ಟೇ."

ಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚನ್ನಪ್ಪ ಏಣಿ ವಾಪಸು ಕೊಡುವ ನಿರ್ಧಾರ ಮಾಡಿದ. ಅನಿಲನ ಎದೆ ಹಗುರಾಗಿತ್ತು. ಊರಿಗೆ ಹೋಗುವ ಯೋಚನೆಯೇ ಅವನಿಗೆ ಮರೆತುಹೋಗಿತ್ತು.

ಹೊರಗೆ ಬರುತ್ತಲೇ ಕಾಂತರಾಜು ಮರೆಯಲ್ಲಿಟ್ಟಿದ್ದ ಚೀಲದಿಂದ ಸ್ಟೀಲ್ ಲೋಟ ತೆಗೆದು, ಕೆಳಗಿನ ಹೋಟೆಲಿನಿಂದ ತರಿಸಿದ್ದ ಬಿಸಿ ಕಾಫಿ ಸುರಿದ. "ಆಯ್ತಲ್ಲವ್ವ, ಹುಡ್ಗನ ಮನಸಲ್ಲಿದ್ದಿದ್ದು! ತಗೋ, ಕುಡಿ. ನಮ್ಮನ್ನ ಬದುಕ್ಸು."

ದೊಡ್ಡಮ್ಮ ಲೋಟವನ್ನು ಅನಿಲನ ಕಡೆ ತಳ್ಳಿದಳು. "ವ್ರತ ಹಿಡ್ದೋನು ಮೊದ್ಲು ಕುಡೀಲಿ."

ಇಡೀ ಬೀದಿ ಅನಿಲನ ಸುತ್ತ ನಿಂತಿತು. "ಒಂದೇ ಗುಟುಕು ಕಣ್ ಮಗಾ," ಅಂದ ಚನ್ನಪ್ಪ. "ಕಣ್ಮುಚ್ಕೊಂಡು ಕುಡ್ದುಬುಡು," ಅಂದಳು ರೂಪಶ್ರೀ. ಕಾಫಿಯ ಘಮ ಮೂಗಿಗೆ ಬಡಿಯುತ್ತಿತ್ತು. ಮುದುಕಿಯ ತಲೆಗೆ ಕಟ್ಟಿದ ಬಟ್ಟೆ ಕಣ್ಣೆದುರಿಗೇ ಇತ್ತು.

"ದೊಡ್ಡಮ್ಮ, ಕ್ಷಮಿಸಿ. ನಾನು ಮಾತು ಕೊಟ್ಟಿದೀನಿ. ನನ್ನ ಕೈಲಿ ಆಗಲ್ಲ," ಅಂದ ಅನಿಲ. ಅವನ ಕಣ್ಣು ತುಂಬಿತ್ತು.

"ಅಂಗಾದ್ರೆ ಸರಿ," ಅಂದಳು ದೊಡ್ಡಮ್ಮ. "ಐದು ವಾರ ಮಾಡ್ದೆ ಯಾವ ವ್ರತ ಮುಗೀತದೆ? ಇನ್ನು ನಾಕು ಬಾನುವಾರ ಐತೆ. ಎಲ್ರೂ ಬನ್ನಿ!"

ಬೀದಿಯ ಜನ ಅನಿಲನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಮಂಜುನಾಥರು ಮಾತ್ರ ಖುಷಿಯಿಂದ ಅವನ ಬೆನ್ನು ತಟ್ಟಿ, "ಮುಂದಿನ ನಾಲ್ಕು ವಾರವೂ ನೀವೇ ಮಾತಾಡಿ. ಕುರ್ಚಿ ಹೆಚ್ಚಿಗೆ ಹೇಳ್ತೀನಿ," ಅಂದರು.

ಸಂಜೆ ಅನಿಲನಿಗೆ ಕೂತಲ್ಲಿ ಕೂರಲಾಗಲಿಲ್ಲ. ದೇವರಾಜ್‌ನನ್ನು ಕರೆದುಕೊಂಡು ಮೆಡಿಕಲ್ ಸ್ಟೋರಿಗೆ ಹೋಗಿ ತಲೆನೋವಿನ ಮಾತ್ರೆ ತಂದ. ಕೆಳಗೆ ದೊಡ್ಡಮ್ಮ ಕಾಣಲಿಲ್ಲ. ಮೆಣಸಿನಕಾಯಿ ಎತ್ತಲು ಹೋಗಿರಬೇಕೆಂದು ಇಬ್ಬರೂ ತಾರಸಿ ಹತ್ತಿದರು.

ಟ್ಯಾಂಕಿನ ಹಿಂದೆ ಮಣೆ ಹಾಕಿಕೊಂಡು ದೊಡ್ಡಮ್ಮ ಕೂತಿದ್ದಳು. ತಲೆಗೆ ಕಟ್ಟಿದ್ದ ಬಟ್ಟೆ ಹೆಗಲ ಮೇಲಿತ್ತು. ಪಕ್ಕದಲ್ಲಿ ಫ್ಲಾಸ್ಕು, ಕೈಯಲ್ಲಿ ಹಬೆಯಾಡುವ ಲೋಟ.

"ದೊಡ್ಡಮ್ಮ!"

"ಶ್! ಮೆತ್ಗೆ."

"ನೀವು... ವ್ರತ...?"

"ನಮ್ ದೇವ್ರಿಗೆ ಬೆಳಿಗ್ಗೆನೇ ತಪ್ಪುಕಾಣ್ಕೆ ಕಟ್ಟಿವ್ನಿ, ಬುಡು. ಕರಿಬೇವಿನ ಕುಂಡಕ್ಕೆ ಸುರಿಯಾಕೆ ಮುಂಚೆನೇ ಎರಡು ಲೋಟ ಆಗಿತ್ತು." ಆಕೆ ಒಂದು ಗುಟುಕು ಹೀರಿದಳು. "ನೆನ್ನೆ ಸಂಜೆ ನಾನು ಇಲ್ಲೇ ಕುಂತಿದ್ದೆ ಕಣಪ್ಪ, ಕಾಪಿ ಕುಡ್ಕೊಂಡು. ಡಾಕ್ಟ್ರು ದಿನುಕ್ಕೆ ಎರಡೇ ಅಂದವ್ರೆ, ಮಿಕ್ಕಿದ್ದೆಲ್ಲ ನಂಗೆ ಈ ಟ್ಯಾಂಕಿನ ಹಿಂದೇನೆ. ನೀನು ಈ ಕಡೆ ಮಂಡಿ ಊರ್ಕಂಡು ದೇವ್ರತ್ರ ಅಳ್ತಿದ್ದೆ. ಒಬ್ಬರಾದ್ರೂ ಬರ್ಲಿ ಅಂತ. ಅಮ್ಮನ್ನ ನೋಡ್ಬೇಕು ಅಂತ. ಕೇಳಿಸ್ಕೊಂಡು ಸುಮ್ಕೆ ಇರಕ್ಕಾಯ್ತದಾ? ಬನ್ರೋ ಅಂದ್ರೆ ನಮ್ ಬೀದಿಯೋರು ಬತ್ತಾರಾ? ತಲೆನೋವು ಅಂದ್ರೆ ಬತ್ತಾರೆ."

ಅನಿಲನಿಗೆ ನಗು ಬಂತು. ಬಗ್ಗಿ ಆಕೆಯ ಕಾಲು ಮುಟ್ಟಿದ. ಅವನ ಅಮ್ಮನ ಪಾದದಂತೆಯೇ ಒರಟಾಗಿತ್ತು, ಬೆಚ್ಚಗಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಂತರಾಜುವಿನ ಚಪ್ಪಲಿ ಸದ್ದಾಯಿತು. ದೊಡ್ಡಮ್ಮ ಲೋಟವನ್ನು ಅನಿಲನ ಕೈಗೂ, ಫ್ಲಾಸ್ಕನ್ನು ದೇವರಾಜ್‌ನ ಕೈಗೂ ತುರುಕಿ, ಆ ವಯಸ್ಸಿಗೆ ಆಶ್ಚರ್ಯವೆನ್ನುವಷ್ಟು ಚುರುಕಾಗಿ ಟ್ಯಾಂಕಿನ ಆ ಬದಿಗೆ ಸರಿದು ಮರೆಯಾದಳು.

ಕಾಂತರಾಜು ಲೋಟ ನೋಡಿದ, ಫ್ಲಾಸ್ಕು ನೋಡಿದ, ಮೂಗರಳಿಸಿದ.

"ಅಲ್ಲ ತಮ್ಮ," ಅಂದ ಕಡೆಗೆ, ಬೇಸರದಿಂದ. "ನಮ್ಮವ್ವ ನಿಂಗೋಸ್ಕರ ತಲೆ ಸಿಡಿಸ್ಕೊಂಡು ಎಲ್ಲೋ ಬಿದ್ಕೊಂಡವ್ಳೆ. ನೀನು ಇಲ್ಲಿ ಕದ್ದು ಕಾಪಿ ಕುಡೀತಿದೀಯಾ?"

ಒಂದು ಮಾತು ಹೇಳಿದರೆ ಅನಿಲನ ಮಾನ ಉಳಿಯುತ್ತಿತ್ತು. ಟ್ಯಾಂಕಿನ ಸಂದಿಯಲ್ಲಿ ದೊಡ್ಡಮ್ಮ ಬಳೆ ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದು ಕೈಯ ಬಳೆ ಹಿಡಿದುಕೊಂಡು ನಿಂತಿರುವುದು ಅವನಿಗೆ ಕಾಣುತ್ತಿತ್ತು. ಐದು ತಿಂಗಳ ಹಿಂದಿನ ಅನಿಲನಾಗಿದ್ದರೆ ಸತ್ಯ ಹೇಳಿ ಗೆದ್ದೆ ಅಂದುಕೊಳ್ಳುತ್ತಿದ್ದ. ಈಗ ಅವನು ಸುಳ್ಳೂ ಹೇಳಲಿಲ್ಲ, ಸತ್ಯವನ್ನೂ ಹೇಳಲಿಲ್ಲ, ತಲೆ ತಗ್ಗಿಸಿ ನಿಂತ.

ಕಾಂತರಾಜುವಿನ ಮನಸ್ಸು ಕರಗಿತು. "ಹೋಗ್ಲಿ ಬುಡು. ನಾನೂ ಅಯ್ಯಪ್ಪನ ಮಾಲೆ ಹಾಕಿದ್ದಾಗ ಕದ್ದು ಬೀಡಿ ಸೇದಿದ್ದೆ. ಹುಡುಗ್ ವಯಸ್ಸು. ಅವ್ವನ್ಗೆ ಗೊತ್ತಾಗೋದು ಬ್ಯಾಡ, ಎದೆ ಒಡ್ಕೊಂಡಾಳು. ನಾನು ಯಾರ್ಗೂ ಯೋಳಕಿಲ್ಲ," ಎಂದು ಬೆನ್ನು ಸವರಿ ಇಳಿದು ಹೋದ.

ಯಾರಿಗೂ ಹೇಳಲಿಲ್ಲ. ಹೆಂಡತಿಗೆ, ಚನ್ನಪ್ಪನಿಗೆ, ರೂಪಶ್ರೀಗೆ ಮಾತ್ರ ಹೇಳಿದ.

ಮರುದಿನ ಬೆಳಿಗ್ಗೆ ಅನಿಲ ಬಾಗಿಲು ತೆಗೆದರೆ ಹೊಸ್ತಿಲಾಚೆ ಸಾಲಾಗಿ ಲೋಟಗಳು. ಒಂದೊಂದರ ಮೇಲೂ ತಟ್ಟೆ ಮುಚ್ಚಿತ್ತು. ಕದ್ದು ಕುಡಿಯುವ ಸಂಕಟ ಹುಡುಗನಿಗೆ ಬೇಡವೆಂದು ಮನೆಮನೆಯವರೂ ಒಬ್ಬರದು ಒಬ್ಬರಿಗೆ ಗೊತ್ತಾಗದಂತೆ ತಂದಿಟ್ಟು ಹೋಗಿದ್ದರು. "ನಾಲ್ಕು ಭಾನುವಾರ ತನಕ ದಿನಾ ಇದೇ," ಎಂದು ದೇವರಾಜ್ ತಲೆ ಮೇಲೆ ಕೈ ಹೊತ್ತ.

ಮೆಣಸಿನಕಾಯಿ ಹರವುವ ನೆಪದಲ್ಲಿ ದೊಡ್ಡಮ್ಮ ಹತ್ತಿ ಬಂದಳು. ಲೋಟಗಳನ್ನು ಕಂಡಳು, ಹಿಂದೆ ಮುಂದೆ ನೋಡಿದಳು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಹೊಸ್ತಿಲ ಬಳಿಯೇ ಆರಾಮವಾಗಿ ಕೂತಳು. ಒಂದೊಂದನ್ನೂ ರುಚಿ ನೋಡಿ, ಕೊನೆಯ ಲೋಟಕ್ಕೆ ಮಾತ್ರ ಮುಖ ಸಿಂಡರಿಸಿದಳು.

"ಇದು ನಮ್ ಲತಾನ ಕಾಪಿ. ಸಕ್ಕರೆ ಜಾಸ್ತಿ ಆಗೈತೆ. ನಾಳೆಯಿಂದ ಕಮ್ಮಿ ಹಾಕಕ್ಕೆ ನೀನೇ ಒಸಿ ಯೋಳಪ್ಪ ಅನಿಲ," ಅಂದಳು.