ಚಿಕ್ಕಪ್ಪನ ಹೋಟೆಲಿಗೆ ಬಂದ ವಿದೇಶಿ ರಜೆ

ದಿಲ್ಲಿಯ ಪೀತಮ್‌ಪುರದಲ್ಲಿ ಕುಳಿತು ಜರ್ಮನಿಯ ಕಾನೂನು ಪಾಲಿಸುವ ದೋಸೆ ಹೋಟೆಲಿನ ಮಾಲೀಕರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಚಿಕ್ಕಪ್ಪ. ಕುಂದಾಪುರ ಬಿಟ್ಟರೆ ದಿಲ್ಲಿ, ದಿಲ್ಲಿ ಬಿಟ್ಟರೆ ಕುಂದಾಪುರ. ಮೂರನೆಯ ಊರನ್ನು ನೆಟ್ಟಗೆ ನೋಡಿದವರಲ್ಲ!

ಇದಕ್ಕೆಲ್ಲ ಮೂಲ ನನ್ನ ನೌಕರಿ. ದಿಲ್ಲಿಗೆ ಮೆಟ್ರೊ ಹೊಸದಾಗಿ ಬಂದಿದ್ದ ಕಾಲ. ನಾನು ನೋಯ್ಡಾದ ಕಚೇರಿಯೊಂದರಲ್ಲಿ ಕುಳಿತು ಯಾವ ಯಾವುದೋ ದೇಶದ ನೌಕರರ ರಜೆಯ ಲೆಕ್ಕ ನೋಡುತ್ತಿದ್ದೆ. ಚಿಕ್ಕಪ್ಪನ ಹೋಟೆಲಿಗೆ ಹೋದರೆ ಗಲ್ಲಾದ ಪಕ್ಕ ಕೂರಿಸಿಕೊಂಡು ವಿಚಾರಣೆ. ಫ್ರಾನ್ಸಿನಲ್ಲಿ ಆಗಸ್ಟ್ ಬಂತೆಂದರೆ ಎಷ್ಟೋ ಅಂಗಡಿಗಳು ಬಾಗಿಲು ಹಾಕಿಕೊಂಡು ರಜೆಗೆ ಹೋಗುತ್ತವೆ ಎಂದಾಗ ಅವರಿಗೆ ನಿಜಕ್ಕೂ ಸಂಕಟವಾಯಿತು.

"ಹಾಗಾದ್ರೆ ತಿಂಡಿ ಯಾರು ಕೊಡುದು ಮಾರಾಯ್ತಿ?"

ಅಮೆರಿಕದ ಕಾನೂನಿನಲ್ಲಿ ಸಂಬಳದ ರಜೆ ಕೊಡಲೇಬೇಕೆಂದೇ ಇಲ್ಲ ಎಂದೆ.

"ಅಚ್ಛಾ, ಹಾಗಾದ್ರೆ ನಮ್ಮ ಹೋಟ್ಲು ಇಷ್ಟು ದಿನ ಅಮೆರಿಕ ಆಗಿತ್ತಾ?"

ಆ ಮಾತು ಅವರಿಗೇ ಎಲ್ಲೋ ಚುಚ್ಚಿರಬೇಕು. ಮರುವಾರದಿಂದ ಕೆಲಸದವರಿಗೆಲ್ಲ ಸಂಬಳದ ರಜೆ. ಬೇಡವೆಂದರೂ ಬಿಡುತ್ತಿರಲಿಲ್ಲ! ದೋಸೆ ಹಾಕುವ ಭಟ್ಟರು ಊರಿಗೆ ಹೋಗಿ, ಜ್ವರ ಬಂದು ಮಲಗಿ, ಸೊರಗಿ ವಾಪಸು ಬಂದರು. ಜರ್ಮನಿಯಲ್ಲಿ ರಜೆಯಲ್ಲಿದ್ದಾಗ ಕಾಯಿಲೆ ಬಿದ್ದರೆ ಆ ದಿನಗಳ ರಜೆಯನ್ನು ತಿರುಗಿ ಕೊಡಬೇಕು ಎಂದು ನನ್ನಿಂದ ಕೇಳಿದ್ದ ಚಿಕ್ಕಪ್ಪ, ಭಟ್ಟರಿಗೆ ಚೀಲ ಕೆಳಗಿಡಲೂ ಬಿಡಲಿಲ್ಲ.

"ಭಟ್ರೇ, ಅದು ರಜೆ ಅಲ್ಲ. ಪುನಃ ಹೋಗಿ ಬನ್ನಿ."

"ಬೇಡ ಧಣಿ. ಇನ್ನೊಮ್ಮೆ ಹೋದ್ರೆ ಹೆಂಡತಿ ಬಾವಿಯ ಕೆಸರು ತೆಗಿಸ್ತಾಳೆ. ನನಗೆ ಇಲ್ಲೇ ಆರಾಮ."

ಪಾಪ, ಹೋಗಲೇಬೇಕಾಯಿತು.

ಭಟ್ಟರು ಹೋದರೆ ದೋಸೆ ಯಾರು ಹಾಕಿದರು ಎಂದು ನೀವು ಕೇಳಬಹುದು. ಚಿಕ್ಕಮ್ಮ. ಪಾತ್ರೆ ತೊಳೆಯುವವನಿಗೆ ರಜೆಯಾದರೆ ಪಾತ್ರೆಗೆ ಚಿಕ್ಕಮ್ಮ, ತರಕಾರಿ ತರುವವನಿಗೆ ರಜೆಯಾದರೆ ಮಂಡಿಗೆ ಚಿಕ್ಕಮ್ಮ. ಎಲ್ಲರ ರಜೆಯೂ ಅವರೊಬ್ಬರ ಸೊಂಟದ ಮೇಲೆ ನಿಂತಿತ್ತು. ಒಂದು ಸಂಜೆ ಆ ಸೊಂಟಕ್ಕೆ ಕೈಯೊತ್ತಿ, ದೋಸೆ ಕಾವಲಿಯ ಮುಂದಿನಿಂದ ತಿರುಗಿ ಅವರು ಗಂಡನನ್ನು ಕೇಳಿದರು:

"ನನಗೆ ಯಾವ ದೇಶದ ಕಾನೂನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಕೇಳಲು ಕಷ್ಟವಾಯಿತು. ಚಿಕ್ಕಪ್ಪ ನನ್ನ ಮುಖ ನೋಡಿದರು.

"ಹೆಂಡ್ತಿಗೆ ರಜೆ ಕೊಡುವ ದೇಶ ಉಂಟಾ?"

"ನನಗೆ ಗೊತ್ತಿದ್ದ ಹಾಗೆ ಎಲ್ಲೂ ಇಲ್ಲ, ಚಿಕ್ಕಪ್ಪ."

ಚಿಕ್ಕಪ್ಪ ಹೋಗಿ ಗಲ್ಲಾದಲ್ಲಿ ಕುಳಿತರು. ಗಿರಾಕಿಯೊಬ್ಬರು ನೋಟು ಚಾಚಿ ನಿಂತಿದ್ದೂ ಅವರಿಗೆ ಕಾಣಲಿಲ್ಲ.

ಮುಂದಿನ ಭಾನುವಾರ ಹೋದರೆ ಹೋಟೆಲಿನ ಶಟರ್ ಎಳೆದಿತ್ತು. ಅದೂ ಭಾನುವಾರ! ಪೀತಮ್‌ಪುರದ ಅರ್ಧ ಮನೆಗಳಲ್ಲಿ ಒಲೆ ಹಚ್ಚದೆ ದೋಸೆಗೆಂದು ಹೊರಡುವ ದಿನ. ಯಾರಿಗೇನಾಯಿತೋ ಎಂದು ಹಿಂದಿನ ಗಲ್ಲಿಯ ಮನೆಗೆ ಓಡಿದೆ. ಬೆಲ್ ಒತ್ತುವ ಮೊದಲೇ ಚಿಕ್ಕಪ್ಪ ಬಾಗಿಲು ತೆರೆದು ತುಟಿಗೆ ಬೆರಳಿಟ್ಟರು. ಹೊರಗೆ ಬಿಸಿಲು ಏರಿತ್ತು. ಒಳಗೆ ಚಿಕ್ಕಮ್ಮ ಇನ್ನೂ ನಿದ್ದೆಯಲ್ಲಿದ್ದರು. ಇವರು ಬೆಳಗಿನಿಂದ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕುಳಿತಿದ್ದರು. ಹಾಲಿನ ಭಯ್ಯಾನನ್ನೂ ಮೆಟ್ಟಿಲ ಕೆಳಗೇ ತಡೆದು ಕಳಿಸಿದ್ದರಂತೆ.

"ಎದ್ದ ಮೇಲೆ ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀರಾ?" ಎಂದು ಪಿಸುಗುಟ್ಟಿದೆ.

ಅವರ ಕಣ್ಣು ಒದ್ದೆಯಾಗಿತ್ತು.

"ಅವಳು ಮಲಗಿದ್ದನ್ನು ನಾನು ನೋಡಿದ್ದೇ ಇವತ್ತು, ಮಾರಾಯ್ತಿ. ನಾನು ಏಳುವಾಗ ಎದ್ದಾಗಿರ್ತದೆ, ನಾನು ಮಲಗುವಾಗ ಕೆಲಸ ಮುಗಿದಿರುದಿಲ್ಲ. ಅವಳು ನಿದ್ದೆಯಲ್ಲಿ ನಗ್ತಾಳೆ, ನಿನಗೆ ಗೊತ್ತುಂಟಾ?"